ಅರ್ಧ ಕಿಲೋ ನಿರುಪಯೋಗಿ

ಸ್ಟೇಷನ್ ರೋಡಿನ ಅಂಗಡ್ಯಾಂವ ಹೇಳಿಬಿಟ್ಟ:
"ಎಂಬತ್ತೊಂಬತ್ತರ ಗಾಡಿ ಅದು. ಆ ಪಟ್ಟಿ ಬರೋದು
ಬಂದಾಗಿ ಹದಿನಾಕು ವರ್ಷಾತು.
ಡೂಪ್ಲಿಕೇಟ್ ಒಂದು ಬಿದ್ದದ, ಒಯ್ತೀರೇನು?"
ಒಯ್ದೆ. ಎರಡು ತಿಂಗಳಿಗಿ ಬಿಸ್ಕೀಟಿನಂಗ ಮುರೀತು.

ಚೈನ್ ಅಂದ್ರ ಏನಂತ ತಿಳ್ಕೊಂಡೀರಿ?
ಹಿಂದಿನ ಗಾಲಿ ಎದ್ದು ಬಿದ್ದಂಗೆಲ್ಲ
ಅದೂ ಜೋಲಾಡ್ತದ,
ಗಾಲಿ ಹಿಡಕೊಂಡ ಕಬ್ಬಿಣದ ತೋಳಿಗಿ
ಹೊಡದು ಹೊಡದು ಕಡೀತದ.
ನಡುವ ಒಂದು ಪಟ್ಟಿ ಬೇಕು,
ಹೊಡತ ತಿಂದು ಸುಮ್ನಿರೋದು.
ನನ್ನ ಗಾಡಿ ತೋಳಿನ್ಯಾಗ ಆಗ್ಲೇ
ಉಗುರು ಮುಳುಗೋವಷ್ಟು ಕಚ್ಚು.

ಮೊದಲ ಪಿವಿಸಿ ಪೈಪ್ ಕಾಸಿ ಚಪ್ಪಟಿ ಮಾಡ್ದೆ:
ಏಪ್ರಿಲ್ ಬಿಸಲಿಗಿ ಹಪ್ಪಳದಂಗ ಎದ್ದು ನಿಂತಿತು.
ಆಮ್ಯಾಲ ನೈಲಾನ್: ಮಳಿಗಾಲದಾಗ ನೀರು ಕುಡದು ಉಬ್ಬಿ
ತೂತಿಗಿ ತೂತು ಕೂಡ್ಲಿಲ್ಲ.
ಮೂರನೇದು, ಕಾಯಿಪಲ್ಯ ಹೆಚ್ಚೋ ಪ್ಲಾಸ್ಟಿಕ್ ಮಣಿ.
ಅದರ ಕಥಿ ಬಿಡ್ರಿ.
ರತ್ನಾಬಾಯಿ ಇನ್ನಾ ಮಾತಾಡ್ಲತ್ತಾಳ.

ವಾಡಿಯೊಳಗ ಸಿಮೆಂಟ್ ಫ್ಯಾಕ್ಟರಿ ಫಿಟ್ಟರ್ ನಾ.
ಹಾಪರಿನ ಒಳಮೈಗಿ ಬಿಳಿ ಪಾಟಿ ಬಡದಿರ್ತೀವಿ.
ಆರು ವರ್ಷ ಸುಣ್ಣಗಲ್ಲು ಹಗಲಿ ರಾತ್ರಿ ಜಾರಿದ ಪಾಟಿ
ಒಂದಿನ ಬಿಚ್ಚಿ ಅಳದೆ.
ಎರಡು ಮಿಲಿಮೀಟರ್.
ಅಷ್ಟೇ ಸವದಿತ್ತು.
ಧೂಳಾಗೇ ಕುಂತುಬಿಟ್ಟೆ.
ದಿನಾ ತುಳದಾಡೋ ಜಾಗಾದಾಗೇ ಇತ್ತಲ್ಲೋ ಹುಚ್ಚಪ್ಪ.

ಸ್ಟೋರಿನ ಮಾರ್ತಾಂಡರಾವ್ ಚಾಳೀಸು ಮೂಗಿನ ತುದಿಗಿ ಜಾರಿಸಿ
ಗೇಟ್ ಪಾಸ್ ಬರದ:
ಪ್ಲಾಸ್ಟಿಕ್ ತುಂಡು, ಅರ್ಧ ಕಿಲೋ, ನಿರುಪಯೋಗಿ.

ಯಾರದೋ ಲಗ್ನಪತ್ರಿಕಿ ಕತ್ತರಿಸಿ ನಮೂನಿ ಮಾಡ್ಕೊಂಡು
ಶಹಾಬಾದಿಗಿ, ಖಾಜಾಹುಸೇನನ ಲೇಥಿಗಿ ಹೋದೆ;
ವರನ ಹೆಸರಿನ ಮ್ಯಾಲೇ ಬೋಲ್ಟಿನ ತೂತು.
"ಇದಕ್ಕ ಫೆವಿಕಾಲ್ ನಡ್ಯಾಲ್ಲ" ಅಂದ ಖಾಜಾ,
"ಇದು ಯಾರಿಗೂ ಅಂಟಾಂಗಿಲ್ಲ, ನಮ್ಮ ಭಾವನಂಗ."
ಅರ ಹಚ್ಚಿದ್ರ ಪುಡಿ ಬರ್ಲಿಲ್ಲ,
ಶ್ಯಾವಿಗಿ ಬಂತು, ಮೊಳಗಟ್ಟಲೆ ಶ್ಯಾವಿಗಿ.
ಅವನ ಸಣ್ಣ ಮಗಳು ಬಾಚ್ಕೊಂಡು ಹೋಗಿ
ಗೊಂಬಿಗಿ ಜಡಿ ಹೆಣದಳು.
ಸ್ಕ್ರೂ ತಲಿ ಎರಡು ಎಳಿ ಒಳಗ ಮುಳುಗಬೇಕು,
ಇಲ್ಲಾಂದ್ರ ಚೈನಿಗಿ ಸಿಗ್ತದ.
"ತಲಿ ಎತ್ತಿದ್ದೇ ಮೊದಲ ಹೋಗೋದು" ಅಂದ.
ಸ್ಕ್ರೂ ಮಾತೋ, ಮತ್ತೇನೋ.
ನಾ ಕೇಳ್ಲಿಲ್ಲ, ಅಂವ ಮಷೀನ್ ಬಂದ್ ಮಾಡ್ಲಿಲ್ಲ.

ಐತವಾರ ರತ್ನಾಬಾಯಿನ್ನ ಕುಂದ್ರಿಸ್ಕೊಂಡು
ಮರತೂರ ದಾಟಿದೆ.
ಚಟಪಟ ಇಲ್ಲ.
ಹನ್ನೊಂದು ವರ್ಷ ಕಿವ್ಯಾಗ ಬಾಡಿಗಿಗಿದ್ದ ಚಟಪಟ
ಮನಿ ಖಾಲಿ ಮಾಡ್ಕೊಂಡು ಹೋಗಿತ್ತು.
ಆ ಖಾಲಿಯೊಳಗ, ಹಿಂದಿಂದ, ಸಣ್ಣ ದನಿ:
"ಇಪ್ಪತ್ತೇಳು... ಇಪ್ಪತ್ತೆಂಟು..."
ಏನದು?
"ತಗ್ಗು."
ಯಾವತ್ತಿಂದ ಎಣಸ್ಲತ್ತಿ?
"ಲಗ್ನಾದಾಗಿಂದ. ಹೋದ ಸಲಕ್ಕಿಂತ ಆರು ಹೆಚ್ಚಾಗ್ಯಾವ.
ಮುಂದ ನೋಡಿ ಹೊಡೀರಿ."

ಸುದ್ದಿ ಹ್ಯಾಂಗ ಹೋಯ್ತೋ,
ಚಿತ್ತಾಪುರದ ಪೇಪರ್ ಏಜೆಂಟ್ ಹಣಮಯ್ಯ ಬಂದ.
ಅದೇ ಗಾಡಿ, ಅದೇ ಕಚ್ಚು. ಅವನಿಗೂ ಒಂದು ಹಚ್ಚಿ ಕೊಟ್ಟೆ.
ರೊಕ್ಕ ಎಷ್ಟು ಅಂದ.
ಏನ್ ಹೇಳ್ಲಿ? ಪಾಟಿ ಪುಕ್ಕಟ, ನಮೂನಿ ಯಾರದೋ ಲಗ್ನದ್ದು,
ಕೈಚಳಕ ಖಾಜಾಂದು.
ಮೂರು ಸಲ ಕೆಡಿಸಿದ್ದೊಂದೇ ನಂದು.
ಅದಕ್ಕ ರೇಟ್ ಹಚ್ಚಲಾಕ ಬರ್ಲಿಲ್ಲ.
ಛಾ ಕುಡಿಸಿ ಹೋದ.

ಮೊನ್ನಿ, ವರ್ಷಾತಂತ, ಬಿಚ್ಚಿ ನೋಡ್ದೆ.
ಬಿಳಿ ಪಟ್ಟಿ ಮ್ಯಾಲ ಎರಡು ಕರಿ ಗೀರು,
ಸಾಲಿ ಪಟ್ಟಿಗಿ ಹೊಡದ ಅಂಚಿನ ಗೆರಿಯಂಗ,
ಬೆರಳಿಗಿ ಹತ್ತಲಾರದಷ್ಟು.
ಎಣ್ಣಿ ಒರಸಿ ತಿರಗಿ ಹಂಗೇ ಹಚ್ಚಿದೆ.

ಉಳದ ತುಂಡಿನ್ಯಾಗ ಇನ್ನಾ ಮೂರು ಗಾಡಿಗಿ ಆಗೋವಷ್ಟದ.
ಗೇಟ್ ಪಾಸ್ ಪಾಕೀಟಿನ್ಯಾಗೇ ಅದ,
ಮಡಿಕಿ ಹರದು "ನಿರು" ಉದರಿ ಹೋಗ್ಯಾದ.
"ಪಯೋಗಿ" ಅಂತ ಉಳದದ.
ಹಂಗಂದ್ರ ಏನೋ, ಯಾರಿಗೂ ಗೊತ್ತಿಲ್ಲ.
ಇರ್ಲಿ, ಸೆಕ್ಯುರಿಟಿಯಾಂವ ಕೇಳಿದ್ರ ತೋರಸ್ಲಾಕ.